ಬಾನುಲಿ ಆಡದೆ ಬಿಟ್ಟ ಮಾತು

ಬಾನುಲಿಯ ಚರಿತ್ರೆಯನ್ನು ಬರೆದವರು ಅದು ಆಡಿದ ಮಾತುಗಳನ್ನೇ ಹೆಚ್ಚಾಗಿ ಲೆಕ್ಕಕ್ಕೆ ಹಿಡಿದಿದ್ದಾರೆ. ಯಾವ ನಿಲಯ ಯಾವ ವರ್ಷ ಆರಂಭವಾಯಿತು, ಯಾವ ಮಹನೀಯರ ಭಾಷಣ ಎಷ್ಟು ದೂರ ಕೇಳಿಸಿತು ಎಂಬ ವಿವರಗಳಿಗೆ ಗ್ರಂಥಗಳಲ್ಲಿ ಕೊರತೆಯಿಲ್ಲ. ಆದರೆ ಅದು ಆಡದೆ ಬಿಟ್ಟ ಮಾತಿಗೂ ಒಂದು ಚರಿತ್ರೆಯುಂಟು. ತರುಣ ತರುಣಿಯರಿಗೆ ತಮ್ಮ ದೇಹವನ್ನು ಕುರಿತು, ಅದರಲ್ಲಿಯೂ ಲೈಂಗಿಕ ಆರೋಗ್ಯವನ್ನು ಕುರಿತು ತಿಳಿಯಹೇಳುವ ಕೆಲಸಕ್ಕೆ ಧ್ವನಿಯ ಸಾಧನಗಳು ಹೇಗೆ ಒದಗಿದವೆಂಬುದನ್ನು ಅರಿಯಬೇಕಾದರೆ ಈ ಎರಡನೆಯ ಚರಿತ್ರೆಯಿಂದಲೇ ಹೊರಡಬೇಕು. ಅದು ಒಂದು ಪದದಿಂದ ಆರಂಭವಾಗುತ್ತದೆ.

1934ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಕಮಿಷನರ್ ಆಗಿದ್ದ ಡಾ. ಥಾಮಸ್ ಪ್ಯಾರನ್ ಎಂಬವರ ಭಾಷಣವೊಂದನ್ನು ಕೊಲಂಬಿಯಾ ಬ್ರಾಡ್‌ಕಾಸ್ಟಿಂಗ್ ಸಿಸ್ಟಂ ಎಂಬ ಪ್ರಸಾರ ಸಂಸ್ಥೆಯು ಗೊತ್ತುಪಡಿಸಿದ್ದಿತು. ಸಾರ್ವಜನಿಕ ಆರೋಗ್ಯದ ಕ್ಷೇತ್ರದಲ್ಲಿ ಮುಂದೆ ಆಗಬೇಕಾದ ಕೆಲಸಗಳೇನು ಎಂಬುದು ಭಾಷಣದ ವಿಷಯ. ಪ್ಯಾರನ್ ಮಹಾಶಯರ ಬರಹದಲ್ಲಿ ಸಿಫಿಲಿಸ್, ಗೊನೋರಿಯಾ ಎಂಬ ಎರಡು ರೋಗಗಳ ಹೆಸರುಗಳಿದ್ದವು. ಭಾಷಣಕ್ಕೆ ಇನ್ನು ಕೆಲವೇ ಕ್ಷಣಗಳಿವೆ ಎನ್ನುವಾಗ, ಆ ಹೆಸರುಗಳನ್ನು ಉಚ್ಚರಿಸಕೂಡದೆಂದು ಸಂಸ್ಥೆಯವರು ತಿಳಿಸಿದರು. ಪ್ಯಾರನ್ನರು ಭಾಷಣ ಮಾಡುವುದನ್ನೇ ನಿರಾಕರಿಸಿದರು. ಆರೋಗ್ಯದ ವಿಷಯವನ್ನು ಕೇಳೋಣವೆಂದು ಆ ಹೊತ್ತಿಗೆ ರೇಡಿಯೋ ತಿರುಗಿಸಿದ್ದವರಿಗೆ ಕೇಳಿಬಂದುದು ಪಿಯಾನೋ ವಾದನ!

ಪ್ರಸಾರ ಸಂಸ್ಥೆಯವರನ್ನು ನೋಡಿ ನಕ್ಕು ಮುಂದೆ ಹೋಗುವುದು ಸುಲಭ. ಆದರೆ ಅವರ ಕಷ್ಟವನ್ನೂ ತುಸು ವಿಚಾರಿಸಬೇಕು. ಆ ಕಾಲದ ರೇಡಿಯೋ ಮನೆಯ ನಡುಮನೆಯಲ್ಲಿ ಇರುತ್ತಿದ್ದ ದೊಡ್ಡ ಪೆಟ್ಟಿಗೆ. ಅಜ್ಜಿ, ತಂದೆ, ತಾಯಿ, ಹದಿನೈದರ ಮಗಳು, ಹತ್ತರ ಮಗ, ಎಲ್ಲರೂ ಅದರ ಸುತ್ತ ಕುಳಿತಿರುತ್ತಿದ್ದರು. ಪುಸ್ತಕವನ್ನಾದರೆ ಒಬ್ಬನೇ ಮೂಲೆಯಲ್ಲಿ ಕುಳಿತು ಓದಬಹುದು, ಬೇಡವಾದರೆ ಮುಚ್ಚಿಡಬಹುದು. ಬಾನುಲಿಯ ಮಾತು ಹಾಗಲ್ಲ. ಅದು ಹೇಳದೆ ಕೇಳದೆ ಮನೆಯೊಳಗೆ ನುಗ್ಗುವ ಅತಿಥಿ. ಎಲ್ಲರ ಮುಂದೆ ಬಿದ್ದ ಆ ಮಾತನ್ನು ಕೇಳಿದವರು ಒಬ್ಬರ ಮುಖವನ್ನೊಬ್ಬರು ನೋಡಲಾರದೆ ಕುಳಿತಿರಬೇಕು. ಈ ಸಂಕೋಚ ಕೃತಕವಾದುದಲ್ಲ. ನಮ್ಮ ಶಾಲೆಗಳ ತರಗತಿಗಳಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಹುಡುಗರು ತಲೆತಗ್ಗಿಸಿ ನಗುವುದನ್ನೂ, ಉಪಾಧ್ಯಾಯರು ಬೇಗಬೇಗ ಪುಟ ತಿರುಗಿಸುವುದನ್ನೂ ಬಲ್ಲವರು ಇದನ್ನು ಒಪ್ಪದಿರಲಾರರು. ಒಬ್ಬರಿಗೊಬ್ಬರು ಕಾಣುವಂತೆ ಕುಳಿತು ಕೇಳುವುದು ಬೇರೆ, ಒಬ್ಬರೇ ಕೇಳುವುದು ಬೇರೆ. ಮುಂದೆ ನಡೆದುದೆಲ್ಲದಕ್ಕೂ ಈ ವ್ಯತ್ಯಾಸವೇ ಮೂಲವೆಂದು ನನ್ನ ಭಾವನೆ.

ಇನ್ನು ಆ ಪದವಾದರೂ ಎಂತಹುದು? ಇಟಲಿಯ ವೈದ್ಯಕವಿ ಫ್ರಾಕಾಸ್ಟೋರೋ 1530ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಕಾವ್ಯವನ್ನು ಪ್ರಕಟಿಸಿದನು. ಅದರಲ್ಲಿ ದೇವತೆಯ ಕೋಪಕ್ಕೆ ಗುರಿಯಾಗಿ ಈ ರೋಗಕ್ಕೆ ತುತ್ತಾದ ಕುರುಬನೊಬ್ಬನ ಹೆಸರು ಸಿಫಿಲಸ್. ರೋಗಕ್ಕೆ ಆ ಹೆಸರು ನಿಂತಿತು. ಅಂದರೆ, ನ್ಯೂಯಾರ್ಕಿನ ರೇಡಿಯೋಗೆ ಅಶ್ಲೀಲವೆನಿಸಿದುದು ಒಬ್ಬ ಕುರುಬನ ಹೆಸರು. ಅದಕ್ಕೂ ಮೊದಲು ಇಟಲಿಯವರು ಇದನ್ನು ಫ್ರೆಂಚರ ರೋಗವೆನ್ನುತ್ತಿದ್ದರು. ಫ್ರೆಂಚರು ನೇಪಲ್ಸಿನ ರೋಗವೆನ್ನುತ್ತಿದ್ದರು. ನಮ್ಮವರೇನೂ ಹಿಂದೆ ಬೀಳಲಿಲ್ಲ. 16ನೆಯ ಶತಮಾನದ ಭಾವಪ್ರಕಾಶವೆಂಬ ವೈದ್ಯಗ್ರಂಥವು ಪೋರ್ಚುಗೀಸರ ಲೆಕ್ಕಕ್ಕೆ ಸೇರಿಸಿ ಇದನ್ನು ಫಿರಂಗರೋಗವೆಂದಿತು. ಜನರ ಬಾಯಲ್ಲಿ ಅದು ಪರಂಗಿ ಹುಣ್ಣಾಯಿತು. ಯಾರೂ ಇದನ್ನು ತನ್ನದೆಂದು ಒಪ್ಪಲಿಲ್ಲ. ಕೊನೆಗೆ ಎಲ್ಲ ಹೆಸರುಗಳನ್ನೂ ಬಿಟ್ಟು ಗುಪ್ತರೋಗವೆಂದು ಬಿಟ್ಟೆವು. ಆ ಹೆಸರನ್ನು ಇಂದು ಹೆಚ್ಚಾಗಿ ಬಳಸುತ್ತಿರುವವರು ಬಸ್ ನಿಲ್ದಾಣದ ಗೋಡೆಗಳ ಮೇಲೆ ಚೀಟಿ ಅಂಟಿಸುವ ನಾಟಿ ವೈದ್ಯರೆನ್ನಿಸಿಕೊಳ್ಳುವವರು. ಗುಟ್ಟಿನ ಹೆಸರು ಗುಟ್ಟಿನ ವ್ಯಾಪಾರಕ್ಕೆ ಅನುಕೂಲವಲ್ಲವೆ?

ಬಾನುಲಿಯ ವಿಷಯದಲ್ಲಿಯೂ ಇದೇ ನಡೆಯಿತು. ಪ್ಯಾರನ್ನರ ಬಾಯಿ ಮುಚ್ಚಿಸುವುದಕ್ಕೆ 11 ವರ್ಷ ಮುಂಚೆಯೇ, ಎಂದರೆ 1923ರಲ್ಲಿ, ಕ್ಯಾನ್ಸಾಸ್ ರಾಜ್ಯದ ಮಿಲ್ಫರ್ಡ್ ಎಂಬ ಸಣ್ಣ ಊರಿನಲ್ಲಿ ಜಾನ್ ಬ್ರಿಂಕ್ಲಿ ಎಂಬಾತನು ತನ್ನದೇ ರೇಡಿಯೋ ನಿಲಯವನ್ನು ತೆರೆದನು. ಹೋತದ ವೃಷಣಗ್ರಂಥಿಯನ್ನು ಕಸಿಮಾಡಿ ಗಂಡಸರ ಕುಂದಿದ ಪುರುಷತ್ವವನ್ನು ಮರಳಿ ತರುವೆನೆಂದು ಸಾರಿ ಹಣ ಸುಲಿಯುವುದು ಆತನ ಉದ್ಯೋಗ. ಆತನ ನಿಲಯದಲ್ಲಿ ಒಂದು ‘ವೈದ್ಯ ಪ್ರಶ್ನೆಪೆಟ್ಟಿಗೆ’ ಇದ್ದಿತು. ಕೇಳುಗರು ತಮ್ಮ ಗುಪ್ತವಾದ ಸಂಕಟಗಳನ್ನು ಬರೆದು ಕಳುಹುವರು. ಈತನು ಆ ಪತ್ರಗಳನ್ನು ಓದಿ, ರೋಗಿಯ ಮುಖವನ್ನೂ ನೋಡದೆ, ಇಂತಿಷ್ಟನೆಯ ಸಂಖ್ಯೆಯ ಔಷಧವನ್ನು ಕೊಳ್ಳಿರೆಂದು ಹೇಳುವನು. ಊರೂರಿನ ಔಷಧದಂಗಡಿಗಳವರು ಮಾರಾಟದಲ್ಲಿ ಆತನಿಗೆ ಪಾಲು ಕೊಡುವರು. 1930ರಲ್ಲಿ ಸರಕಾರವು ಆತನ ವೈದ್ಯ ಪರವಾನಗಿಯನ್ನೂ ರೇಡಿಯೋ ಪರವಾನಗಿಯನ್ನೂ ಕಿತ್ತುಕೊಂಡಿತು. ಆತನು ಸುಮ್ಮನಿರುವ ಆಸಾಮಿಯಲ್ಲ. ಮರುವರ್ಷವೇ ಟೆಕ್ಸಾಸಿನ ಗಡಿಗೆ ಅಂಟಿಕೊಂಡಿರುವ ಮೆಕ್ಸಿಕೋ ದೇಶದ ವಿಲಾ ಅಕೂನ್ಯಾ ಎಂಬಲ್ಲಿ, ನದಿಯ ಆಚೆಯ ದಡದಲ್ಲಿ, ಇನ್ನೂ ಪ್ರಬಲವಾದ ನಿಲಯವನ್ನು ಕಟ್ಟಿಸಿದನು. ಕಾನೂನು ಗಡಿಯಲ್ಲಿ ನಿಂತಿತು, ಧ್ವನಿತರಂಗ ನಿಲ್ಲಲಿಲ್ಲ. ಗಡಿನಾಡಿನಲ್ಲಿ ವಾಸಿಸುವ ನಮಗೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ.

ಈ ಬ್ರಿಂಕ್ಲಿಯಿಂದ ಕಲಿಯಬೇಕಾದ ಸಂಗತಿಯೊಂದುಂಟು, ಅದು ಕಹಿಯಾದರೂ ಸರಿಯೆ. ಜನರ ಪ್ರಶ್ನೆಗಳು ನಿಜವಾದವು. ಕೇಳಲು ಯಾರೂ ಇಲ್ಲದಾಗ ಅವರು ವಂಚಕನಿಗಾದರೂ ಬರೆದರು. ತಮ್ಮ ಮುಖ ಕಾಣದಂತೆ, ಹೆಸರು ಬಯಲಾಗದಂತೆ ಉತ್ತರ ದೊರೆಯುವುದಾದರೆ ಅದಕ್ಕೆ ಹಣ ಕೊಡಲೂ ಸಿದ್ಧರಾದರು. ಬಾನುಲಿಯ ಈ ಗುಣವನ್ನು ಮೊದಲು ಕಂಡುಕೊಂಡವನು ವೈದ್ಯನಲ್ಲ, ಉಪಾಧ್ಯಾಯನೂ ಅಲ್ಲ.

ಅದೇ 1934ರಲ್ಲಿ ನಮ್ಮ ದೇಶದಲ್ಲಿ ನಡೆದುದನ್ನೂ ಇಲ್ಲಿ ಸ್ಮರಿಸಬೇಕು. ಮಹರ್ಷಿ ಧೋಂಡೋ ಕೇಶವ ಕರ್ವೆಯವರ ಮಗ ರಘುನಾಥ ಧೋಂಡೋ ಕರ್ವೆಯವರು 1927ರಿಂದ ಮುಂಬಯಿಯಲ್ಲಿ ‘ಸಮಾಜಸ್ವಾಸ್ಥ್ಯ’ವೆಂಬ ಮರಾಠಿ ಮಾಸಪತ್ರಿಕೆಯನ್ನು ನಡೆಸುತ್ತಿದ್ದರು. ಓದುಗರು ಲೈಂಗಿಕ ಜೀವನವನ್ನು ಕುರಿತು ಕೇಳಿದ ಪ್ರಶ್ನೆಗಳಿಗೆ ಅವರು ಅದರಲ್ಲಿ ಉತ್ತರ ಬರೆಯುತ್ತಿದ್ದರು. ಆ ಉತ್ತರಗಳು ಅಶ್ಲೀಲವೆಂದು ಅವರ ಮೇಲೆ ಮೊಕದ್ದಮೆಯಾಯಿತು. 1934ರಲ್ಲಿ ಆ ಮೊಕದ್ದಮೆಯಲ್ಲಿ ಕರ್ವೆಯವರ ಪರವಾಗಿ ವಾದಿಸಿದ ಬ್ಯಾರಿಸ್ಟರು ಡಾ. ಬಿ. ಆರ್. ಅಂಬೇಡ್ಕರರು. ಮೊಕದ್ದಮೆ ಸೋತಿತು, ಕರ್ವೆಯವರು ದಂಡ ತೆತ್ತರು. ಆದರೂ ಪತ್ರಿಕೆಯನ್ನು 1953ರಲ್ಲಿ ತಾವು ತೀರಿಕೊಳ್ಳುವವರೆಗೆ ನಿಲ್ಲಿಸಲಿಲ್ಲ. ಇತ್ತ ಮೈಸೂರು ಸಂಸ್ಥಾನದ ಸರಕಾರವು 1930ರಷ್ಟು ಹಿಂದೆಯೇ ಸಂತಾನನಿಯಂತ್ರಣ ಚಿಕಿತ್ಸಾಲಯಗಳಿಗೆ ಮಂಜೂರಾತಿ ಕೊಟ್ಟಿದ್ದಿತು. 1935ರಲ್ಲಿ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದರು. ಹೀಗೆ ಒಂದೇ ಸಂಸ್ಥಾನದಲ್ಲಿ ಐದು ವರ್ಷಗಳ ಅಂತರದಲ್ಲಿ ಚಿಕಿತ್ಸಾಲಯವೂ ಬಾನುಲಿಯೂ ಬಂದವು. ಅವೆರಡೂ ಕೈಜೋಡಿಸುವ ಕಾಲ ಮಾತ್ರ ಬಹುದೂರವಿದ್ದಿತು.

ಪ್ಯಾರನ್ ಮಹಾಶಯರು ಸೋತು ಕೂಡುವವರಾಗಿರಲಿಲ್ಲ. 1936ರಲ್ಲಿ ಅವರು ಅಮೆರಿಕದ ಸರ್ಜನ್ ಜನರಲ್ ಪದವಿಗೆ ಬಂದರು. ಅದೇ ವರ್ಷ ಜುಲೈಯಲ್ಲಿ ಎರಡು ಪ್ರಸಿದ್ಧ ಪತ್ರಿಕೆಗಳಲ್ಲಿ ಈ ರೋಗವನ್ನು ಹೆಸರಿಟ್ಟೇ ಕರೆದು ಲೇಖನ ಬರೆದರು. ಮರುವರ್ಷ ಒಂದು ಪುಸ್ತಕವನ್ನೇ ಬರೆದರು. ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ನಾಚಿಕೆಯ ವಿಷಯವಲ್ಲವೆಂಬ ಮಾತು ಊರೂರಿಗೆ ಹಬ್ಬಿತು. 1938ರಲ್ಲಿ ಅಮೆರಿಕದ ಸಂಸತ್ತು ಈ ರೋಗಗಳ ನಿಯಂತ್ರಣಕ್ಕೆಂದೇ ಶಾಸನ ಮಾಡಿ ಹಣವನ್ನು ಒದಗಿಸಿತು. ಅಚ್ಚಿನಲ್ಲಿ ಪದವು ಬಿಡುಗಡೆ ಪಡೆಯಿತು. ಆದರೆ ಧ್ವನಿಯಲ್ಲಿ ಅಷ್ಟು ಬೇಗ ಪಡೆಯಲಿಲ್ಲ: 1937ರಲ್ಲಿ ಇನ್ನೊಂದು ದೊಡ್ಡ ಪ್ರಸಾರ ಸಂಸ್ಥೆಯಾದ ಎನ್.ಬಿ.ಸಿ.ಯವರು ಜನರಲ್ ಹ್ಯೂ ಜಾನ್ಸನ್ನರ ಇದೇ ವಿಷಯದ ಭಾಷಣವನ್ನು ತಡೆದರು. ಕಣ್ಣಿಗೆ ಸಹ್ಯವಾದುದು ಕಿವಿಗೆ ಇನ್ನೂ ಅಸಹ್ಯವಾಗಿದ್ದಿತು.

ಇಲ್ಲಿಗೆ ಪ್ಯಾರನ್ನರನ್ನು ವೀರಪುರುಷರ ಸಾಲಿಗೆ ಸೇರಿಸಿ ಮಂಗಳ ಹಾಡಿಬಿಡಬಹುದಾಗಿದ್ದಿತು. ಚರಿತ್ರೆ ಅದಕ್ಕೆ ಎಡೆಗೊಡುವುದಿಲ್ಲ. ಅವರು ಮುಂದೆ ಮುಖ್ಯಸ್ಥರಾದ ಅದೇ ಸಾರ್ವಜನಿಕ ಆರೋಗ್ಯ ಇಲಾಖೆಯು 1932ರಿಂದ ಅಲಬಾಮಾ ರಾಜ್ಯದ ಮೇಕನ್ ಜಿಲ್ಲೆಯಲ್ಲಿ, ಟಸ್ಕೀಗಿಯ ಸುತ್ತಮುತ್ತ, ಒಂದು ‘ಅಧ್ಯಯನ’ವನ್ನು ನಡೆಸುತ್ತಿದ್ದಿತು. ಸಿಫಿಲಿಸ್ ತಗುಲಿದ್ದ 399 ಮಂದಿ ಕರಿಯ ಜನಾಂಗದ ಬಡ ಗೇಣಿದಾರರನ್ನೂ, ಅದಿಲ್ಲದ 201 ಮಂದಿಯನ್ನೂ ಆರಿಸಿಕೊಂಡು, ಚಿಕಿತ್ಸೆ ಕೊಡದೆ ಬಿಟ್ಟರೆ ರೋಗವು ಹೇಗೆ ಬೆಳೆಯುವುದೆಂದು ನೋಡುತ್ತಿದ್ದರು. ರೋಗಿಗಳಿಗೆ ರೋಗದ ಹೆಸರನ್ನು ಹೇಳಲಿಲ್ಲ. ನಿಮಗೆ ‘ಕೆಟ್ಟ ರಕ್ತ’ವಿದೆಯೆಂದಷ್ಟೇ ಹೇಳಿದರು. ಪೆನಿಸಿಲಿನ್ ಬಂದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ. ಇದು ಬಯಲಾಗಿ ನಿಂತುದು 1972ರಲ್ಲಿ. ಅಧ್ಯಕ್ಷ ಕ್ಲಿಂಟನ್ನರು ರಾಷ್ಟ್ರದ ಪರವಾಗಿ ಕ್ಷಮೆ ಕೇಳಿದುದು 1997ರಲ್ಲಿ. 1946ರಿಂದ 1948ರವರೆಗೆ ಗ್ವಾಟೆಮಾಲಾ ದೇಶದಲ್ಲಿ ಕೈದಿಗಳಿಗೂ ಸೈನಿಕರಿಗೂ ಮನೋರೋಗಿಗಳಿಗೂ ಬೇಕೆಂದೇ ಈ ರೋಗಗಳನ್ನು ಅಂಟಿಸಿದ ಪ್ರಯೋಗವೂ ಪ್ಯಾರನ್ನರ ಅಧಿಕಾರಾವಧಿಯದೇ. ಅದು ಹೊರಬಿದ್ದುದು 2010ರಲ್ಲಿ. ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯವು ಅವರ ಹೆಸರನ್ನು ಹೊತ್ತಿದ್ದ ಕಟ್ಟಡದಿಂದ 2018ರಲ್ಲಿ ಆ ಹೆಸರನ್ನು ತೆಗೆದುಹಾಕಿತು. ಬಾನುಲಿಯಲ್ಲಿ ಆ ಪದವನ್ನು ಆಡಲೇಬೇಕೆಂದು ಹಟ ಹಿಡಿದವರ ಇಲಾಖೆಯೇ ಅದನ್ನು ತಿಳಿಯುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿದ್ದವರ ಕಿವಿಯಿಂದ 40 ವರ್ಷ ಮರೆಮಾಡಿತು. ನಾಚಿಕೆಯಿಂದ ಹುಟ್ಟಿದ ಮೌನ ಒಂದು ಬಗೆ. ಇದು ಇನ್ನೊಂದು ಬಗೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಪೆನಿಸಿಲಿನ್ ಎಂದೆನಲ್ಲವೆ? ಅದರಿಂದ ಬಾನುಲಿಯ ಕೆಲಸವೂ ಬದಲಾಯಿತು. ಹಿಂದೆ ಸಿಫಿಲಿಸ್ ರೋಗಿಯು ಪಾಷಾಣ, ಬಿಸ್ಮತ್ ಮೊದಲಾದವುಗಳ ಚುಚ್ಚುಮದ್ದನ್ನು ವಾರವಾರವೂ ಒಂದು ವರ್ಷಕ್ಕೂ ಮೀರಿ ತೆಗೆದುಕೊಳ್ಳಬೇಕಾಗಿದ್ದಿತು. 1943ರಲ್ಲಿ ಡಾ. ಜಾನ್ ಮಹೋನಿಯವರೂ ಅವರ ಸಹೋದ್ಯೋಗಿಗಳೂ ನಾಲ್ವರು ರೋಗಿಗಳ ಮೇಲೆ ಪೆನಿಸಿಲಿನ್ ಪ್ರಯೋಗಿಸಿ ಗುಣಕಂಡರು. ಅಂದಿನಿಂದ ಚಿಕಿತ್ಸೆ ದಿನಗಳ ಮಾತಾಯಿತು. ಹಿಂದಿನ ಪ್ರಚಾರವೆಲ್ಲ ಭಯದ ಪ್ರಚಾರ: ಕುರುಡು, ಹುಚ್ಚು, ನರಕ. ಗುಣವಾಗುವ ರೋಗಕ್ಕೆ ಭಯ ಹುಟ್ಟಿಸಿದರೆ ರೋಗಿ ಬಚ್ಚಿಟ್ಟುಕೊಳ್ಳುತ್ತಾನೆಯೇ ಹೊರತು ಆಸ್ಪತ್ರೆಗೆ ಬರುವುದಿಲ್ಲ. ಔಷಧವು ಸಿದ್ಧವಾಗಿದೆ, ಬಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿರಿ ಎಂದು ಕರೆಯುವ ಧ್ವನಿ ಬೇಕಾಗಿದ್ದಿತು.

ಆ ಧ್ವನಿಯನ್ನು ಹುಡುಕಿದವರು ಕೊಲಂಬಿಯಾ ವಿಶ್ವವಿದ್ಯಾನಿಲಯದ ಎರಿಕ್ ಬಾರ್ನೋ. ಮೊದಲು ಭಾಷಣವನ್ನು ತಡೆದ ಸಂಸ್ಥೆಗೂ ಈ ವಿಶ್ವವಿದ್ಯಾನಿಲಯಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ. 1948–49ರಲ್ಲಿ ಸರಕಾರದ ಆರೋಗ್ಯ ಇಲಾಖೆಯ ನೆರವಿನಿಂದ ಬಾರ್ನೋ ಅವರು ಗುಹ್ಯರೋಗಗಳನ್ನು ಕುರಿತ ರೇಡಿಯೋ ಕಾರ್ಯಕ್ರಮಗಳ ಮಾಲೆಯೊಂದನ್ನು ತಯಾರಿಸಿದರು. ವೈದ್ಯರ ಭಾಷಣವನ್ನು ಕೇಳುವವರು ಮೊದಲೇ ವೈದ್ಯರ ಬಳಿಗೆ ಹೋಗುವವರು. ಹೋಗದವರು ಕೇಳುವುದು ಹಾಡನ್ನು. ಆದ್ದರಿಂದ ಜಾನಪದ ಗೀತೆಗಳ ಸಂಗ್ರಾಹಕರೆಂದು ಹೆಸರಾದ ಆಲನ್ ಲೋಮ್ಯಾಕ್ಸರನ್ನು ಬಾರ್ನೋ ಕರೆಸಿಕೊಂಡರು. ಲೋಮ್ಯಾಕ್ಸರು ರಚಿಸಿದವು ಲಾವಣಿ ನಾಟಕಗಳು. ಗಾಯಕನೊಬ್ಬನು ಕಥೆ ಹೇಳುತ್ತಾನೆ, ನಡುನಡುವೆ ಹಾಡುತ್ತಾನೆ. ಕಥೆಯಲ್ಲಿ ರೋಗ ತಗುಲಿದ ಒಬ್ಬ ಸಾಮಾನ್ಯ ಮನುಷ್ಯನಿದ್ದಾನೆ. ಅವನ ಅಂಜಿಕೆ, ಮುಚ್ಚುಮರೆ, ಕೊನೆಗೆ ಪರೀಕ್ಷೆಗೆ ಹೋಗುವ ನಿರ್ಧಾರ. ನಮ್ಮ ಉತ್ತರದ ಸೀಮೆಯವರಿಗೆ ಗೀಗೀಪದದ ಮೇಳವನ್ನೂ, ಬೇರೆಡೆಯವರಿಗೆ ಹರಿಕಥೆಯನ್ನೂ ನೆನೆದುಕೊಂಡರೆ ಇದರ ಬಗೆ ಹೊಳೆಯುತ್ತದೆ. ಹಳ್ಳಿಗರು ಮನಸೋತಿದ್ದ ರಾಯ್ ಎಕಫ್, ಅಲೆಮಾರಿ ಹಾಡುಗಾರ ವುಡಿ ಗತ್ರಿ ಮೊದಲಾದವರು ಇವುಗಳಲ್ಲಿ ಪಾಲುಗೊಂಡರು. ಗತ್ರಿಯಂತೂ ಇದೇ ವಿಷಯದ ಮೇಲೆ ಹಲವು ಹಾಡುಗಳನ್ನು ತಾನೇ ಕಟ್ಟಿದನು. ಕಾರ್ಯಕ್ರಮಗಳನ್ನು ಧ್ವನಿಮುದ್ರಿಕೆಗಳ ಮೇಲೆ ಅಚ್ಚೊತ್ತಿ ಊರೂರಿನ ಸಣ್ಣ ನಿಲಯಗಳಿಗೆ ಕಳುಹಿಸಿದರು.

15 ವರ್ಷಗಳಲ್ಲಿ ಎಂತಹ ಬದಲಾವಣೆ! ಒಬ್ಬ ರಾಜ್ಯದ ಆರೋಗ್ಯಾಧಿಕಾರಿಯ ಬಾಯಿಂದ ಬರಬಾರದಾಗಿದ್ದ ಪದವು ಹಾಡುಗಾರರ ಬಾಯಿಂದ ಗಿಟಾರಿನ ಜೊತೆಗೆ ಬಂದಿತು. ಇದಕ್ಕೆ ಕಾರಣ ಹಾಡಿನ ಮಾಧುರ್ಯವಷ್ಟೇ ಅಲ್ಲ. ಭಾಷಣಕಾರನು ‘ನೀವು’ ಎಂದು ಹೇಳುತ್ತಾನೆ. ನಡುಮನೆಯಲ್ಲಿ ಕುಳಿತ ಎಲ್ಲರೂ ಆ ‘ನೀವು’ ತಾನಲ್ಲವೆಂದು ತೋರಿಸಿಕೊಳ್ಳಬೇಕಾಗುತ್ತದೆ. ಕಥೆಗಾರನು ‘ಒಬ್ಬಾನೊಬ್ಬನಿದ್ದ’ ಎನ್ನುತ್ತಾನೆ. ಆ ಒಬ್ಬನ ಮರೆಯಲ್ಲಿ ಕುಳಿತು, ಪಕ್ಕದವರಿಗೆ ತಿಳಿಯದಂತೆ, ಯಾರು ಬೇಕಾದರೂ ತನಗೆ ಬೇಕಾದುದನ್ನು ಕೇಳಿಸಿಕೊಳ್ಳಬಹುದು. ಸಭೆಯಲ್ಲಿ ಆಡಲಾಗದುದನ್ನು ನಮ್ಮ ಕೀರ್ತನಕಾರರು ಉಪಕಥೆಯಲ್ಲಿ ಆಡುತ್ತಿದ್ದುದೂ ಇದೇ ಜಾಣತನದಿಂದ.

ಮುಂದಿನ ಮಾರ್ಪಾಡನ್ನು ತಂದುದು ಯಂತ್ರ. 1950ರ ದಶಕದಲ್ಲಿ ಟ್ರಾನ್ಸಿಸ್ಟರ್ ಬಂದು ಬಾನುಲಿಯನ್ನು ನಡುಮನೆಯಿಂದ ಬಿಡಿಸಿ ಹೊಲಕ್ಕೆ, ಹಿತ್ತಿಲಿಗೆ, ಹುಡುಗರ ಕೋಣೆಗೆ ಕರೆದೊಯ್ದಿತು. ಆ ಮೇಲೆ ಕ್ಯಾಸೆಟ್ಟು, ಅದರ ಮೇಲೆ ಕಿವಿಗೆ ಸಿಕ್ಕಿಸುವ ನಳಿಗೆ. ತರುಣನೊಬ್ಬನು ತಾನೊಬ್ಬನೇ ಕೇಳುವ ಅನುಕೂಲ ಮೊದಲ ಬಾರಿಗೆ ಒದಗಿತು. ಆದ್ದರಿಂದಲೇ ನೇರವಾಗಿ ತರುಣರನ್ನು ಉದ್ದೇಶಿಸಿದ ಪ್ರಯತ್ನಗಳು ಈ ಯಂತ್ರಗಳ ನಂತರವೇ ಬಂದವೆಂದು ತೋರುತ್ತದೆ.

ಅವುಗಳಲ್ಲಿ ಮೆಕ್ಸಿಕೋದ ಒಂದು ಹಾಡು ಪ್ರಸಿದ್ಧವಾದುದು. 1986ರ ಜನವರಿಯಲ್ಲಿ ತತಿಯಾನಾ ಎಂಬ ಗಾಯಕಿಯೂ ಜಾನಿ ಎಂಬ ಗಾಯಕನೂ, ಇಬ್ಬರೂ ಹದಿಹರೆಯದವರೇ, ಹಾಡಿದ ಧ್ವನಿಮುದ್ರಿಕೆಯೊಂದು ಹೊರಬಂದಿತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯದವರ ಯೋಜನೆ ಅದು. ಆತುರಪಡುವುದು ಬೇಡ, ನಮಗೆ ಕಾಲ ಬರಲಿ ಎಂಬುದು ಹಾಡಿನ ಭಾವ. ಆರು ವಾರಗಳೊಳಗೆ ಅದು ದೇಶದ ಎಲ್ಲ ಹಾಡುಗಳ ಮುಂದೆ ನಿಂತಿತು. ಅದಕ್ಕಿಂತ ನನಗೆ ಮುಖ್ಯವಾಗಿ ಕಂಡುದು ಒಂದು ವ್ಯಾವಹಾರಿಕ ಉಪಾಯ: ಹಾಡಿನ ಜೊತೆಗೆ ಸಮೀಪದ ಸಲಹಾ ಚಿಕಿತ್ಸಾಲಯದ ವಿಳಾಸವನ್ನು ಹೇಳಲೊಪ್ಪುವ ನಿಲಯಗಳು ಶುಲ್ಕ ಕೊಡದೆ ಅದನ್ನು ಪ್ರಸಾರಮಾಡಬಹುದಾಗಿದ್ದಿತು. ಹಾಡು ಕೇಳಿ ಮನಸ್ಸು ಕಲಕಿದ ಹುಡುಗಿಗೆ ಮರುದಿನ ಹೋಗಿ ಕೇಳಲು ಒಂದು ಬಾಗಿಲಿರಬೇಕಷ್ಟೆ. ಮರುವರ್ಷಗಳಲ್ಲಿ ಫಿಲಿಪೀನ್ಸ್ ದೇಶದವರು ಲೀಯಾ ಸಲೋಂಗಾ ಎಂಬ ತರುಣ ಗಾಯಕಿಯ ಹಾಡುಗಳ ಜೊತೆಗೆ, ಹೆಸರು ಹೇಳದೆ ಸಲಹೆ ಪಡೆಯುವ ಟೆಲಿಫೋನ್ ವ್ಯವಸ್ಥೆಯನ್ನೇ ಸೇರಿಸಿದರು. ಬ್ರಿಂಕ್ಲಿಯ ಪ್ರಶ್ನೆಪೆಟ್ಟಿಗೆ ಕೊನೆಗೆ ಪ್ರಾಮಾಣಿಕರ ಕೈಗೆ ಬಂದಿತು.

ಇಷ್ಟರಲ್ಲಿ ಏಡ್ಸ್ ಎಂಬ ಹೊಸ ಪದ ಜಗತ್ತನ್ನು ಹೊಕ್ಕಿದ್ದಿತು. ಅದು ಹೆಚ್ಚಾಗಿ ಕಾಡಿದ ಯುಗಾಂಡ ದೇಶದಲ್ಲಿ ಫಿಲ್ಲಿ ಲುಟಾಯಾ ಎಂಬ ಜನಪ್ರಿಯ ಗಾಯಕನು 1989ರಲ್ಲಿ ತನಗೆ ಆ ರೋಗವಿದೆಯೆಂದು ಬಹಿರಂಗವಾಗಿ ಹೇಳಿದನು. ಆ ದೇಶದಲ್ಲಿ ಅಷ್ಟು ಹೆಸರುವಾಸಿಯಾದವರು ಹೀಗೆ ಹೇಳಿಕೊಂಡುದು ಅದೇ ಮೊದಲು. ರೋಗಿಯ ಒಂಟಿತನವನ್ನೂ ಭಯವನ್ನೂ ಕುರಿತು ಒಂದು ಹಾಡು ಹಾಡಿ, ಶಾಲೆಗಳಿಗೂ ಇಗರ್ಜಿಗಳಿಗೂ ತಾನೇ ಹೋಗಿ ಮಾತನಾಡಿ, ಅದೇ ವರ್ಷದ ಡಿಸೆಂಬರ್ 15ರಂದು ತೀರಿಕೊಂಡನು. ಆ ಹಾಡು ಉಳಿಯಿತು. ಇಲ್ಲಿ ಕಥೆಯ ‘ಒಬ್ಬಾನೊಬ್ಬ’ನ ಮರೆ ಇಲ್ಲ, ಹಾಡುವವನೇ ರೋಗಿ. ಇಂತಹುದನ್ನು ಯಾವ ಇಲಾಖೆಯೂ ಯೋಜಿಸಿ ಮಾಡಿಸಲಾರದು.

ಪಕ್ಕದ ಟಾಂಜಾನಿಯಾದಲ್ಲಿ 1993ರಿಂದ ಸ್ವಾಹಿಲಿ ಭಾಷೆಯ ರೇಡಿಯೋ ಧಾರಾವಾಹಿಯೊಂದು ಪ್ರಸಾರವಾಯಿತು. ಅದರ ಹೆಸರಿಗೆ ‘ಕಾಲದೊಡನೆ ಸಾಗೋಣ’ವೆಂದು ಅರ್ಥ. ಅದರಲ್ಲಿ ಊರೂರಿಗೊಬ್ಬ ಸಂಗಾತಿಯನ್ನಿಟ್ಟುಕೊಂಡ ಲಾರಿ ಚಾಲಕ ಮ್‌ಕ್ವಾಜು ಕೊನೆಗೆ ಏಡ್ಸ್‌ಗೆ ಬಲಿಯಾಗುತ್ತಾನೆ. ದೊಡೋಮಾ ಪ್ರದೇಶದಲ್ಲಿ 1995ರವರೆಗೆ ಇದನ್ನು ಪ್ರಸಾರಮಾಡದೆ, ಕೇಳಿದ ಸೀಮೆಗಳನ್ನೂ ಕೇಳದ ಸೀಮೆಯನ್ನೂ ಹೋಲಿಸಿ ನೋಡಿದರು. ಕೇಳಿದ ಕಡೆ ಕುಟುಂಬ ಯೋಜನೆಯನ್ನು ಅನುಸರಿಸುವವರು ಹೆಚ್ಚಿದುದೂ, ಒಬ್ಬರಿಗಿಂತ ಹೆಚ್ಚು ಸಂಗಾತಿಗಳನ್ನು ಇಟ್ಟುಕೊಳ್ಳುವುದು ಕಡಿಮೆಯಾದುದೂ ಕಂಡಿತು. ಬಾನುಲಿಯಿಂದ ನಡತೆ ಬದಲಾಗುವುದೆ ಎಂದು ಕೇಳುವವರಿಗೆ ಇದೊಂದು ಗಟ್ಟಿಯಾದ ಉತ್ತರ.

ನಮ್ಮ ದೇಶದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದುದು 1986ರಲ್ಲಿ, ಮದರಾಸಿನಲ್ಲಿ. ಮುಂದಿನ ಎರಡು ದಶಕಗಳಲ್ಲಿ ತಮಿಳುನಾಡು, ಅಂದಿನ ಅವಿಭಜಿತ ಆಂಧ್ರಪ್ರದೇಶ, ಮಹಾರಾಷ್ಟ್ರ, ಕರ್ನಾಟಕ, ಈ ನಾಲ್ಕೂ ಸೋಂಕು ಹೆಚ್ಚಾಗಿರುವ ರಾಜ್ಯಗಳೆನಿಸಿದವು. ಸೊಲ್ಲಾಪುರದಿಂದ ಆದವಾನಿಯವರೆಗೆ, ಮಡಕಶಿರದಿಂದ ತಾಳವಾಡಿಯವರೆಗೆ, ಕನ್ನಡ ಮಾತು ಗಡಿ ದಾಟಿ ಹರಡಿರುವ ಬಹುಪಾಲು ನೆಲವೂ ಇದರೊಳಗೇ ಬಂದಿತು. 2005ರ ಸುಮಾರಿಗೆ ಕೇಂದ್ರ ಸರಕಾರವು ಶಾಲೆಗಳಲ್ಲಿ ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಅದರ ಪುಸ್ತಿಕೆಗಳಲ್ಲಿನ ಚಿತ್ರಗಳನ್ನೂ ಮಾತುಗಳನ್ನೂ ನೋಡಿ ಹಲವರು ಕೆರಳಿದರು. 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ, ಗುಜರಾತ್, ಮಧ್ಯಪ್ರದೇಶ ಮೊದಲಾದ ರಾಜ್ಯಗಳು ಅದನ್ನು ತಡೆಹಿಡಿದವು. ಪುಸ್ತಿಕೆಗಳಲ್ಲಿ ದೋಷಗಳಿದ್ದಿರಬಹುದು, ತಿದ್ದಬಹುದಾಗಿದ್ದಿತು. ತಿದ್ದುವ ಬದಲು ಪಾಠವನ್ನೇ ನಿಲ್ಲಿಸಿದುದು 1934ರ ಪಿಯಾನೋ ವಾದನಕ್ಕಿಂತ ಬೇರೆಯಾಗಿ ನನಗೆ ಕಾಣುವುದಿಲ್ಲ.

ಮರುವರ್ಷ, 2008ರ ಆಗಸ್ಟಿನಲ್ಲಿ, ಬಿ.ಬಿ.ಸಿ. ವರ್ಲ್ಡ್ ಸರ್ವಿಸ್ ಟ್ರಸ್ಟಿನವರು ಈ ನಾಲ್ಕು ರಾಜ್ಯಗಳಿಗಾಗಿ ನಡೆಸುತ್ತಿದ್ದ ಪ್ರಚಾರದ ಅಂಗವಾಗಿ ಮೊಬೈಲ್ ಫೋನಿನ ಕರೆಗಂಟೆಯೊಂದನ್ನು ಹೊರತಂದರು. ವಾದ್ಯವಿಲ್ಲ, ಬರಿಯ ಕಂಠಗಳು. ‘ಕಾಂಡೋಮ್, ಕಾಂಡೋಮ್’ ಎಂಬ ಒಂದೇ ಪದವನ್ನು ರಾಗವಾಗಿ ಹೇಳುತ್ತವೆ. ಕಥೆಯಿಲ್ಲ, ಉಪದೇಶವಿಲ್ಲ. ಪದವನ್ನು ಕೇಳಿ ಕೇಳಿ ಅದರ ನಾಚಿಕೆ ಸವೆದುಹೋಗಲಿ ಎಂಬುದಷ್ಟೇ ಉದ್ದೇಶ. ದೇಶವಿದೇಶಗಳ ಪತ್ರಿಕೆಗಳು ಇದನ್ನು ತಮಾಷೆಯ ಸುದ್ದಿಯಾಗಿ ಪ್ರಕಟಿಸಿದವು. ತಮಾಷೆಯೇ ಇರಲಿ, ಬಾನುಲಿ ಮೊದಲು ಎಡವಿದುದು ಒಂದು ಪದದ ಮೇಲೆ ಎಂಬುದನ್ನು ಬಲ್ಲವರಿಗೆ ಈ ಯೋಜಕರ ಲೆಕ್ಕಾಚಾರ ತಪ್ಪೆನಿಸದು. ಮಾರುಕಟ್ಟೆಯ ನಡುವೆ ಜೇಬಿನೊಳಗಿನಿಂದ ಎಲ್ಲರಿಗೂ ಕೇಳುವಂತೆ ಅದು ಕೂಗುತ್ತಿದ್ದಿತು. ತರಗತಿಯ ಬಾಗಿಲ ಹೊರಗೆ ಮಾತ್ರ.

ಆದರೆ ಒಂದು ಪದವನ್ನು ಹೇಳಿಸುವುದರಿಂದ ಪಾಠ ಮುಗಿಯಲಿಲ್ಲ. ಮೈನೆರೆದ ಹುಡುಗಿಗೆ ಹೊಟ್ಟೆನೋವು ಏಕೆ ಬರುವುದು, ಹುಡುಗನ ದನಿ ಒಡೆಯುವುದೇಕೆ, ಯಾರಾದರೂ ಮೈಮುಟ್ಟಿ ಪೀಡಿಸಿದರೆ ಯಾರಿಗೆ ಹೇಳಬೇಕು ಎಂಬ ಪ್ರಶ್ನೆಗಳಿಗೆ ವಾಕ್ಯಗಳು ಬೇಕು, ಅದೂ ಮನೆಮಾತಿನ ವಾಕ್ಯಗಳು. ಇಲ್ಲಿ ಕನ್ನಡದ ತೊಡಕೊಂದಿದೆ. ಪುಸ್ತಕದಲ್ಲಿ ‘ಋತುಸ್ರಾವ’, ಮನೆಯಲ್ಲಿ ‘ಮುಟ್ಟು’, ‘ಹೊರಗಾಗುವುದು’. ಪುಸ್ತಕದ ಪದವನ್ನು ಬರೆದು ಅಂಕ ಪಡೆಯುವ ಹುಡುಗಿ ತಾಯಿಯೊಡನೆ ಆ ಪದವನ್ನು ಆಡುವುದಿಲ್ಲ; ತಾಯಿ ಆಡುವ ಪದವು ಪುಸ್ತಕದಲ್ಲಿ ಇರುವುದಿಲ್ಲ. ಕಣ್ಣಿಗೆ ಓದುವ ಭಾಷೆ ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಕಿವಿಗೆ ಹೇಳುವ ಭಾಷೆ ಒಂದು ಕಡೆಗೆ ನಿಲ್ಲಲೇಬೇಕು. ಗಡಿಯಾಚೆಯ ನಮ್ಮ ಮಕ್ಕಳಿಗೆ ತೊಡಕು ಇಮ್ಮಡಿ: ಆಸ್ಪತ್ರೆಯ ಗೋಡೆಯ ಮೇಲಿನ ಬರಹ ಮಲಯಾಳದಲ್ಲಿಯೋ ತಮಿಳಿನಲ್ಲಿಯೋ ಮರಾಠಿಯಲ್ಲಿಯೋ ತೆಲುಗಿನಲ್ಲಿಯೋ ಇರುತ್ತದೆ, ನಾಚಿಕೆಯ ವಿಷಯವನ್ನು ಪರಭಾಷೆಯಲ್ಲಿ ಬಿಡಿಸಿ ಕೇಳುವ ಧೈರ್ಯ ಹದಿನಾಲ್ಕರ ಮಗುವಿಗೆ ಎಲ್ಲಿಂದ ಬರಬೇಕು?

ಯುಗಾಂಡದವರು ಈ ತೊಡಕನ್ನು ಎದುರಿಸಿದ ರೀತಿಯನ್ನು ಹೇಳಿ ಮುಗಿಸುತ್ತೇನೆ. ಅಲ್ಲಿ 1993ರಲ್ಲಿ ‘ಸ್ಟ್ರೇಟ್ ಟಾಕ್’ ಎಂಬ, ನೇರವಾದ ಮಾತೆಂಬ ಅರ್ಥದ, ಪತ್ರಿಕೆಯೊಂದು ಹದಿಹರೆಯದವರಿಗಾಗಿ ಇಂಗ್ಲಿಷಿನಲ್ಲಿ ಆರಂಭವಾಗಿ ಶಾಲೆಗಳಿಗೆ ಹೋಗುತ್ತಿದ್ದಿತು. 1999ರಲ್ಲಿ ಅದರವರೇ ರೇಡಿಯೋ ಕಾರ್ಯಕ್ರಮವನ್ನೂ ತೊಡಗಿದರು. ಮೊದಲು ಅದೂ ಇಂಗ್ಲಿಷಿನಲ್ಲಿಯೇ. ಬೇಗನೆ ಅದು ಸ್ಥಳೀಯ ಭಾಷೆಗಳಿಗೆ ಒಂದೊಂದಾಗಿ ಇಳಿಯಿತು. ಒಂದು ಭಾಷೆಯದನ್ನು ಇನ್ನೊಂದಕ್ಕೆ ಅನುವಾದಿಸುವುದಕ್ಕಿಂತ, ಆಯಾ ಸೀಮೆಯ ಹುಡುಗ ಹುಡುಗಿಯರ ಧ್ವನಿಯನ್ನು ಅವರದೇ ನುಡಿಯಲ್ಲಿ ಮುದ್ರಿಸಿಕೊಂಡು, ಅವರ ಪತ್ರಗಳಿಗೆ ಅದೇ ನುಡಿಯಲ್ಲಿ ಉತ್ತರ ಹೇಳುವುದು ಅದರ ಕ್ರಮವಾಯಿತು. ಪುಸ್ತಕದ ಪದವೇ ಇಲ್ಲದ ಭಾಷೆಗಳಲ್ಲಿ ಮನೆಯ ಪದವೇ ಬಾನುಲಿಯ ಪದವಾಯಿತು.